ಐವತ್ತೇ ಪತ್ರಿಕೆ ಸಾಕು ಅನ್ನುವವರಿಗೆ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಗೃಹಪ್ರವೇಶಕ್ಕೆ ಇನ್ನೂರು ಪತ್ರಿಕೆ ಮಾಡಿಸಿದ್ದೆವು. ಬೇಕಿದ್ದದ್ದು ಅರವತ್ತು. ಅಷ್ಟು ಕಡಿಮೆಗೆ ಪ್ಲೇಟ್ ಹಾಕೋಕಾಗಲ್ಲ ಅಂದರು ಪ್ರೆಸ್‌ನವರು, ಸರಿ ಅಂದೆವು. ಬಂಡಲ್ ಬಿಚ್ಚಿದರೆ ಮೊದಲ ಸಾಲಿನಲ್ಲೇ ‘ಗೃಹಪ್‌ರವೇಶ’. ಪಕಾರದ ಕೆಳಗೆ ಕೂರಬೇಕಾದ ರಕಾರದ ಒತ್ತು ಎದ್ದು ಪಕ್ಕಕ್ಕೆ ಬಂದು ನಿಂತಿತ್ತು, ಇನ್ನೂರರಲ್ಲೂ. ಅಮ್ಮ ಅರಿಶಿನ ಕುಂಕುಮ ಹಚ್ಚುವಾಗ ಮೂಲೆಗಳ ಜೊತೆಗೆ ಆ ಅಕ್ಷರದ ಮೇಲೂ ಒಂದು ಬೊಟ್ಟಿಟ್ಟು ಮುಚ್ಚಿದರು. ಮಿಕ್ಕ ಕಾರ್ಡುಗಳ ಬೆನ್ನ ಮೇಲೆ ಇವತ್ತಿಗೂ ದಿನಸಿ ಪಟ್ಟಿ ಬರೆಯುತ್ತೇವೆ.

ಈ ಸಲ ಮೊಮ್ಮಗಳ ನಾಮಕರಣಕ್ಕೆ ಪ್ರೆಸ್‌ಗೆ ಹೋಗಲಿಲ್ಲ. ಬೆಂಗಳೂರಿನ ಆರ್.ಟಿ. ನಗರದ ನಮ್ಮ ರಸ್ತೆಯ ಕೊನೆಯ ಮನೆಗೆ ಹೋದೆ. ಮೊದಲ ಮಹಡಿ, ದೇವರ ಮನೆಗೆ ಅಂಟಿಕೊಂಡ ಹತ್ತಡಿ ಕೋಣೆ. ಒಂದು ಇಂಕ್ ಟ್ಯಾಂಕ್ ಪ್ರಿಂಟರು, ಹಾಳೆ ಕತ್ತರಿಸುವ ಪುಟ್ಟ ಯಂತ್ರ, ಮಡಿಕೆಗೆ ಗೆರೆ ಹಾಕುವ ಹಲಗೆ, ಸೀರೆ ಡಬ್ಬಗಳಲ್ಲಿ ಬಣ್ಣಬಣ್ಣದ ಕಾಗದ. ಅಲ್ಲಿ ಪತ್ರಿಕೆ ಮಾಡಿಕೊಡುವ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆಗೇ ನಾನು ತಬ್ಬಿಬ್ಬಾದೆ: “ಎಷ್ಟು ಜನ ಬರ್ತಾರೆ ಅಂತಲ್ಲ ಅಂಕಲ್, ಎಷ್ಟು ಮನೆಗೆ ಕೊಡ್ತೀರಿ ಹೇಳಿ.” ಎಣಿಸಿದೆ. ನಲವತ್ತೈದು.

ಯಲಹಂಕ, ಹೆಬ್ಬಾಳ, ಯಶವಂತಪುರದ ಕಡೆ ಇಂಥ ಮನೆಯುದ್ಯಮಗಳಿಗೆ ಜಾಗ ಸಿಕ್ಕಿರುವುದು ಈ ನಲವತ್ತೈದರಲ್ಲೇ. ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ ಬೇಕು, ಬಣ್ಣ ಹದಕ್ಕೆ ಬರುವಷ್ಟರಲ್ಲಿ ಒಂದಷ್ಟು ಹಾಳೆ ರದ್ದಿಗೆ ಹೋಗುತ್ತದೆ. ಆ ಖರ್ಚು ಸಾವಿರ ಪ್ರತಿಗೆ ಹಂಚಿದರೆ ಗೊತ್ತಾಗುವುದಿಲ್ಲ, ನಲವತ್ತೈದಕ್ಕೆ ಹಂಚಿದರೆ ಭಾರ. ಡಿಜಿಟಲ್ ಯಂತ್ರಕ್ಕೆ ಪ್ಲೇಟಿನ ಹಂಗಿಲ್ಲ, ಒಂದು ಪ್ರತಿ ಬೇಕಾದರೂ ಕೊಡುತ್ತದೆ. ಹಾಗಂತ ಮನೆಯಲ್ಲೇ ಎಲ್ಲವೂ ಆಗುವುದಿಲ್ಲ. ವಿಜಿಟಿಂಗ್ ಕಾರ್ಡಿನಂಥ 300 ಜಿಎಸ್‌ಎಂ ದಪ್ಪದ ಹಾಳೆಯನ್ನು ಮನೆಯ ಪ್ರಿಂಟರು ಸಾಮಾನ್ಯವಾಗಿ ನುಂಗುವುದಿಲ್ಲ. ಅಂಥದ್ದನ್ನು ಡಿಜಿಟಲ್ ಪ್ರೆಸ್‌ಗೆ ಕಳಿಸಿ ಹಾಳೆ ಲೆಕ್ಕದಲ್ಲಿ ತೆಗೆಸಿಕೊಂಡು ಬರುತ್ತಾರೆ. ಮನೆಯಲ್ಲಿ ಆಗುವುದು ವಿನ್ಯಾಸ, ಕತ್ತರಿಕೆ, ಮಡಿಕೆ, ದಾರ ಕಟ್ಟುವುದು, ಅಂಟಿಸುವುದು. ನನ್ನ ಕೇಳಿದರೆ ಎಲ್ಲಕ್ಕಿಂತ ದೊಡ್ಡ ಕೆಲಸ, ತಿದ್ದುವುದು.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. ಜೆರಾಕ್ಸ್ ಹಾಳೆ 70ರಿಂದ 80. ತೂಕವಾದರೂ ಪೊಟ್ಟಣದ ಮೇಲೆ ಬರೆದಿರುತ್ತದೆ, ಎಳೆಯ ದಿಕ್ಕು ಬರೆದಿರುವುದು ಕಡಿಮೆ. ಆಕೆ ಒಂದು ದಪ್ಪ ಹಾಳೆ ತೆಗೆದು ಉದ್ದಕ್ಕೆ ಬಾಗಿಸಿ ತೋರಿಸಿದರು, ಮೆತ್ತಗೆ ಬಾಗಿತು. ಅಡ್ಡಕ್ಕೆ ಬಾಗಿಸಿದರೆ ಕೈಯನ್ನೇ ಹಿಂದಕ್ಕೆ ತಳ್ಳಿತು. ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿಗೆ ಮಡಿಚಿದರೆ ಮಡಿಕೆ ನುಣುಪು, ಅಡ್ಡ ಮಡಿಚಿದರೆ ಬಣ್ಣ ಸಿಡಿದು ಬಿಳಿ ಬಿರುಕು. ಮಡಿಚುವ ಕಾರ್ಡು ನೋಡಲು ಅಗ್ಗ ಅನ್ನಿಸಿದರೆ ಎಷ್ಟೋ ಸಲ ಕಾರಣ ಇಷ್ಟೇ.

ಅಳತೆಯದು ಇನ್ನೊಂದು ಲೆಕ್ಕ. ಪ್ರೆಸ್‌ನ ಡಿಜಿಟಲ್ ಹಾಳೆ ಸಾಮಾನ್ಯವಾಗಿ 13×19 ಇಂಚು. 4×6ರ ಕಾರ್ಡು, ಅಂಚಿನವರೆಗೆ ಬಣ್ಣ ಬೇಡವೆಂದರೆ, ಒಂಬತ್ತು ಕೂರುತ್ತದೆ. ಸ್ವಲ್ಪ ದೊಡ್ಡದಿರಲಿ ಅಂತ 5×7 ಕೇಳಿದರೆ, ನೇರ ಕತ್ತರಿಸುವ ಯಂತ್ರಕ್ಕೆ ಒಗ್ಗುವಂತೆ ಜೋಡಿಸಿದಾಗ, ಐದೇ. ಇಂಚಿನಲ್ಲಿ ಅತ್ತಿತ್ತ ಒಂದೊಂದೇ ಹೆಚ್ಚು, ಹಾಳೆಯ ಖರ್ಚು ಹತ್ತಿರ ಹತ್ತಿರ ಎರಡರಷ್ಟು. ಗಿರಾಕಿಗೆ ಇದನ್ನು ಮೊದಲೇ ಹೇಳದವರು ಆಮೇಲೆ ಚೌಕಾಸಿಯಲ್ಲಿ ಸೋಲುತ್ತಾರೆ.

ಇನ್ನು ಕನ್ನಡ ಅಕ್ಷರ. ನಮ್ಮ ಗೃಹಪ್ರವೇಶದ ಗತಿ ಯಾಕೆ ಹಾಗಾಯಿತು ಎಂದು ನನಗೆ ಗೊತ್ತಾದದ್ದು ಈ ಕೋಣೆಯಲ್ಲೇ. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಒತ್ತಕ್ಷರವೂ ಒಂದು ಬಿಡಿ ಚಿತ್ರ. ಎಲ್ಲಿ ಕೂರಿಸಿದರೆ ಅಲ್ಲೇ ಇರುತ್ತದೆ. ಯೂನಿಕೋಡ್‌ನಲ್ಲಿ ‘ಪ್ರ’ ಅಂದರೆ ಪ, ಹಲಂತದ ಚಿಹ್ನೆ, ರ ಎಂಬ ಮೂರರ ಸಾಲು. ಅವನ್ನು ಕೂಡಿಸಿ ಒತ್ತು ಮಾಡುವುದು ಸಾಫ್ಟ್‌ವೇರಿನ ಕೆಲಸ. ನಾವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಯೂನಿಕೋಡ್. ಭಾರತೀಯ ಲಿಪಿ ಕೂಡಿಸಲು ಬಾರದ ಹಳೆಯ ಸಾಫ್ಟ್‌ವೇರಿಗೆ ಅದನ್ನು ಹಾಗೇ ಸುರಿದರೆ ‘ಕೃಷ್ಣ’, ‘ಲಕ್ಷ್ಮಿ’ ಎಲ್ಲರೂ ಬಿಡಿಬಿಡಿಯಾಗಿ ನಿಲ್ಲುತ್ತಾರೆ. ಪರಿವರ್ತಕ ಹಾಕಿದರೂ ‘ವರ್ಷ’ದ ಅರ್ಕಾವತ್ತು ಜಾಗ ತಪ್ಪುವುದುಂಟು. ಅದಕ್ಕೇ ತಿಳಿದವರು ಅಕ್ಷರ ಸರಿಪಡಿಸಿಕೊಂಡು, ಕೋರೆಲ್ ಸಾಫ್ಟ್‌ವೇರಿನಲ್ಲಿ ‘ಕರ್ವ್’ ಮಾಡಿ ಕಳಿಸುತ್ತಾರೆ. ಅಕ್ಷರ ಚಿತ್ರವಾಗಿಬಿಟ್ಟರೆ ಪ್ರೆಸ್‌ನ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಯಲಹಂಕ ಉಪನಗರದಲ್ಲಿ 1996ರಲ್ಲಿ ಆರಂಭವಾದ ಸೃಷ್ಟಿಯಂಥ ವಿನ್ಯಾಸ ಸಂಸ್ಥೆಯೇ ಇದೆ, ಚೆಂದದ ಚಿತ್ರ ಬಿಡಿಸುವವರಿಗೆ ಈ ಕಡೆ ಬರವಿಲ್ಲ. ಒತ್ತಕ್ಷರ ಕಾಯುವವರದೇ ಬರ.

ಕಾಗದಕ್ಕೆ ಎಲ್ಲರೂ ಹೋಗುವುದು ಸುಲ್ತಾನ್‌ಪೇಟೆ, ಚಿಕ್ಕಪೇಟೆಯ ಓಣಿಗಳಿಗೆ. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೊ ಬಂದ ಮೇಲೆ ಯಶವಂತಪುರದಿಂದ ಒಂದೇ ಗಾಡಿ. ಹೆಬ್ಬಾಳದವರು ಮಾತ್ರ ಮೇಲ್ಸೇತುವೆಯ ಟ್ರಾಫಿಕ್‌ಗೆ ಮೊದಲು ಕೈಮುಗಿಯಬೇಕು.

ವರ್ಷದ ಕೆಲಸ ಪಂಚಾಂಗ ನೋಡಿಕೊಂಡೇ ನಡೆಯುತ್ತದೆ. ಮೇ ಕೊನೆಯಿಂದ ಶಾಲೆಯ ನೋಟ್‌ಬುಕ್ಕಿಗೆ ಹೆಸರಿನ ಲೇಬಲ್. ಆಷಾಢದಲ್ಲಿ ಮದುವೆ ಪತ್ರಿಕೆ ಇಲ್ಲ, ಆಗ ನೋಟ್‌ಬುಕ್ ಹೊಲಿದಿಡುತ್ತಾರೆ. ಶ್ರಾವಣ ಹತ್ತಿರ ಬರುತ್ತಿದ್ದಂತೆ ವರಮಹಾಲಕ್ಷ್ಮಿಯ ತಾಂಬೂಲದ ಚೀಲಕ್ಕೆ ಕಟ್ಟುವ ಚೀಟಿ. ಡಿಸೆಂಬರಿನಲ್ಲಿ ಡೈರಿ, ಮೇಜಿನ ಕ್ಯಾಲೆಂಡರು.

ಕಾನೂನು ಕಷ್ಟದ್ದೇನಲ್ಲ, ವಿಚಿತ್ರದ್ದು. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ 2020ರ ಜುಲೈನಿಂದ ಇದೆ, ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಡ. ಆದರೆ ಹೊರರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಆ ವಿನಾಯಿತಿ ಸಿಗುವುದಿಲ್ಲ. ಬೆಳಗಾವಿಗೆ ನೂರು ಡೈರಿ ಕಳಿಸಿ, ಯಾರೂ ಕೇಳರು. ಪಕ್ಕದ ಹೊಸೂರಿಗೆ ಹತ್ತು ಮಾರಿ, ನೋಂದಣಿ ಬೇಕು. 2025ರ ಸೆಪ್ಟೆಂಬರ್ 22ರಿಂದ ಬರೆಯುವ ನೋಟ್‌ಬುಕ್ಕಿಗೆ ತೆರಿಗೆ ಸೊನ್ನೆ. ಅದೇ ಡೈರಿ, ಲೆಟರ್ ಪ್ಯಾಡ್ ಆದರೆ ಶೇ 18. ಕಾಗದವೂ ಅದೇ, ಕೈಯೂ ಅದೇ!

ನಷ್ಟ ಆಗುವುದು ಹೆಚ್ಚಾಗಿ ಮೂರನೆಯ, ನಾಲ್ಕನೆಯ ತಿದ್ದುಪಡಿಯಲ್ಲಿ. “ದೊಡ್ಡಪ್ಪನ ಹೆಸರು ಮೇಲೆ ಬರಲಿ”, “ಮುಹೂರ್ತ ಹತ್ತು ನಿಮಿಷ ಹಿಂದಕ್ಕೆ ಹೋಗಿದೆ”, “ಹಸಿರು ಮೊಬೈಲಿನಲ್ಲಿ ಕಂಡಷ್ಟು ಹೊಳೀತಿಲ್ಲ”. ಪರದೆಯ ಬಣ್ಣ ಬೆಳಕಿನದು, ಕಾಗದದ್ದು ಶಾಯಿಯದು. ಅಷ್ಟು ಹೊಳಪು ಶಾಯಿಗೆ ಬಾರದು. ಎರಡು ತಿದ್ದುಪಡಿ ಉಚಿತ, ಆಮೇಲೆ ಹಣ ಎಂದು ಆಕೆ ಗೋಡೆಗೇ ಅಂಟಿಸಿದ್ದಾರೆ. ಪರಿಚಯದವರ ಹತ್ತಿರ ಆ ಹಣ ಕೇಳಿದ್ದೀರಾ ಅಂದೆ. ನಕ್ಕು ಸುಮ್ಮನಾದರು. ಕೇಳಬೇಕಿತ್ತು ಎಂಬುದೇ ನನ್ನ ಅಭಿಪ್ರಾಯ, ನನ್ನಿಂದಲೂ ಸೇರಿ.

ನಲವತ್ತೈದು ಕಾರ್ಡು ಬಂದವು, ನಲವತ್ತೈದು ಮನೆಗೆ ಹೋದವು. ದಿನಸಿ ಪಟ್ಟಿಗೆ ಒಂದೂ ಉಳಿಯಲಿಲ್ಲ.

ನೀವೂ ಮಾಡಿಸುವುದಾದರೆ ಮೂರು ವಾರ ಮೊದಲೇ ಹೇಳಿ. ಪ್ರೂಫ್ ಬಂದಾಗ ಮೊಬೈಲಿನಲ್ಲಿ ಕಣ್ಣಾಡಿಸಿ ‘ಓಕೆ’ ಕಳಿಸಬೇಡಿ. ಒಂದು ಪ್ರತಿ ಪ್ರಿಂಟ್ ತೆಗೆದು ಮನೆಯ ಹಿರಿಯರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿಸಿ.