ಸೆರಿಜಾವಾನ ಎರಡು ಸಾವು

ಟೋಕಿಯೊ ಕೊಲ್ಲಿಯ ತಳದಲ್ಲಿ ಗಾಡ್ಜಿಲ್ಲಾ ಮಲಗಿದೆ. ಡೈವಿಂಗ್ ಸೂಟ್ ತೊಟ್ಟು ನೀರಿಗಿಳಿದ ವಿಜ್ಞಾನಿ ಸೆರಿಜಾವಾ, ಜೊತೆಗಾರನನ್ನು ಮೇಲಕ್ಕೆ ಕಳಿಸಿ, ತಾನೇ ಕಂಡುಹಿಡಿದ ಅಸ್ತ್ರವನ್ನು ಚಾಲೂ ಮಾಡುತ್ತಾನೆ. ಮರುಗಳಿಗೆ ಚಾಕು ತೆಗೆದು, ತನಗೆ ಗಾಳಿ ತರುತ್ತಿದ್ದ ಕೊಳವೆಯನ್ನು ಕತ್ತರಿಸಿಕೊಳ್ಳುತ್ತಾನೆ. ನೀರಿನಲ್ಲಿರುವ ಆಮ್ಲಜನಕವನ್ನೇ ಇಲ್ಲವಾಗಿಸುವ ಅಸ್ತ್ರ ಅದು. ಅದರ ಸೂತ್ರ ಬರೆದಿದ್ದ ಕಾಗದಗಳನ್ನು ಮೊದಲೇ ಸುಟ್ಟು ಬಂದಿದ್ದಾನೆ. ಉಳಿದಿರುವುದು ಅವನ ತಲೆಯೊಳಗಿನ ಪ್ರತಿ ಮಾತ್ರ. ಅದೂ ಯಾವ ಸರ್ಕಾರದ ಕೈಗೂ ಸಿಗಬಾರದು. ಹೊಂಡಾ ಇಶಿರೊ ನಿರ್ದೇಶಿಸಿದ 1954ರ ಮೊದಲ ‘ಗಾಡ್ಜಿಲ್ಲಾ’ ಚಿತ್ರ ಮುಗಿಯುವುದು ಹೀಗೆ.

2019ರ ಹಾಲಿವುಡ್ ಚಿತ್ರ ‘ಗಾಡ್ಜಿಲ್ಲಾ: ಕಿಂಗ್ ಆಫ್ ದಿ ಮಾನ್‌ಸ್ಟರ್ಸ್’ನಲ್ಲೂ ಒಬ್ಬ ಸೆರಿಜಾವಾ ಇದ್ದಾನೆ. ಅವನೂ ನೀರಿನಾಳಕ್ಕೆ ಇಳಿಯುತ್ತಾನೆ, ಅವನೂ ಅಲ್ಲೇ ಸಾಯುತ್ತಾನೆ. ಆದರೆ ಅವನ ಕೈಯಲ್ಲಿರುವುದು ಅಣುಬಾಂಬು. ಸೋತು ಬಿದ್ದಿರುವ ಗಾಡ್ಜಿಲ್ಲಾಗೆ ಅದರ ವಿಕಿರಣದಿಂದ ಜೀವ ತುಂಬಲು ಅವನು ಬಾಂಬು ಸಿಡಿಸುತ್ತಾನೆ. ಹೆಸರು ಅದೇ, ನೀರು ಅದೇ, ತ್ಯಾಗವೂ ಅದೇ. ಒಬ್ಬ ಅಸ್ತ್ರದ ಜ್ಞಾನ ತನ್ನೊಂದಿಗೇ ಅಳಿಯಲೆಂದು ಸತ್ತ. ಇನ್ನೊಬ್ಬ ಅಸ್ತ್ರ ಕೆಲಸ ಮಾಡಲೆಂದು ಸತ್ತ.

ಹಳೆಯ ಕಥೆಯನ್ನು ಮೊದಲಿನಿಂದ ಹೊಸದಾಗಿ ಹೇಳುವುದಕ್ಕೆ ಚಿತ್ರರಂಗದಲ್ಲಿ ರೀಬೂಟ್ ಎನ್ನುತ್ತಾರೆ. ಯಾವ ರೀಬೂಟ್ ಬಂದರೂ ನಾವು ಗ್ರಾಫಿಕ್ಸ್ ಹೇಗಿದೆ, ಹಳೆಯ ಪಾತ್ರಗಳು ಇವೆಯೇ, ಎಷ್ಟು ಕೋಟಿ ಬಾಚಿತು ಎಂದು ಕೇಳುತ್ತೇವೆ. ನನ್ನ ಮಟ್ಟಿಗೆ ಅದಕ್ಕೂ ಮೊದಲು ಕೇಳಬೇಕಾದ್ದು ಒಂದಿದೆ: ಮೂಲ ಕಥೆ ಯಾವುದಕ್ಕೆ ಹೆದರಿತ್ತೋ ಅದಕ್ಕೆ ಹೊಸ ಕಥೆಯೂ ಹೆದರುತ್ತದೆಯೇ?

ಮೂಲ ಕಥೆ ಹೆದರಿದ್ದು ಕಲ್ಪನೆಗಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಸಮೂಹದಲ್ಲಿ ಜಲಜನಕ ಬಾಂಬಿನ ಪರೀಕ್ಷೆ ನಡೆಸಿತು. ಟ್ಯೂನಾ ಹಿಡಿಯಲು ಹೋಗಿದ್ದ ಜಪಾನಿನ ದೋಣಿಯೊಂದರಲ್ಲಿ 23 ಮಂದಿ ಇದ್ದರು. ಅವರ ಮೇಲೆ ಬಿಳಿ ಬೂದಿ ಮಳೆಯಂತೆ ಸುರಿಯಿತು. ಅವರಲ್ಲೊಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ ‘ಗಾಡ್ಜಿಲ್ಲಾ’ ತೆರೆಗೆ ಬಂತು. ಅದರ ಮೊದಲ ದೃಶ್ಯವೇ ಹಡಗಿನ ಮೇಲೆ ಬಿಡುವಾಗಿ ಕೂತ ನಾವಿಕರು, ಕಣ್ಣು ಕುಕ್ಕುವ ಬೆಳಕು, ಹೊತ್ತಿ ಉರಿಯುವ ಹಡಗು. ನೋಡುವವರಿಗೆ ವಿವರಣೆಯ ಅಗತ್ಯವಿರಲಿಲ್ಲ. ಹೊಂಡಾ ಸ್ವತಃ ವರ್ಷಗಟ್ಟಲೆ ಸೈನಿಕರಾಗಿದ್ದವರು, ಯುದ್ಧ ಮುಗಿಸಿ ಮರಳುವಾಗ ಹಾಳುಬಿದ್ದ ಹಿರೋಶಿಮಾವನ್ನು ಕಂಡವರು. ಚಿತ್ರದ ಆಸ್ಪತ್ರೆ ದೃಶ್ಯದಲ್ಲಿ ಪುಟ್ಟ ಮಗುವಿನ ಮೈಗೆ ವಿಕಿರಣ ಅಳೆಯುವ ಯಂತ್ರ ಹಿಡಿಯುತ್ತಾರೆ. ಹಿಡಿದವನು ಮಾತಾಡದೆ ತಲೆಯಾಡಿಸುತ್ತಾನೆ. ರಾಕ್ಷಸ ಸಿನಿಮಾ ಎಂದುಕೊಂಡು ನೋಡಲು ಕೂತವರು ಇಲ್ಲಿ ನಿಂತುಬಿಡುತ್ತಾರೆ.

ಇದೆಲ್ಲ ರಬ್ಬರ್ ಸೂಟಿನೊಳಗೆ ಬೆವರಿದ ಒಬ್ಬ ನಟನಿಂದ ಆಯಿತು ಎಂಬುದು ಬೇರೆಯೇ ವಿಸ್ಮಯ. ‘ಕಿಂಗ್ ಕಾಂಗ್’ ಮಾದರಿಯಲ್ಲಿ ಗೊಂಬೆಯನ್ನು ಇಂಚಿಂಚೇ ಸರಿಸಿ ಚಿತ್ರಿಸಲು ಸಮಯವಿರಲಿಲ್ಲ. ಹಾಗಾಗಿ ವಿಶೇಷ ಪರಿಣಾಮಗಳ ಹೊಣೆ ಹೊತ್ತಿದ್ದ ತ್ಸುಬುರಾಯಾ ಎಯಿಜಿ ಪುಟಾಣಿ ಟೋಕಿಯೊ ಕಟ್ಟಿಸಿ, ಸೂಟು ತೊಟ್ಟ ನಟ ನಕಾಜಿಮಾ ಹರುವೊ ಅವರನ್ನು ಅದರ ಮೇಲೆ ನಡೆಸಿದರು. ಆ ಘರ್ಜನೆಯಂತೂ ಸಂಗೀತ ನಿರ್ದೇಶಕ ಇಫುಕುಬೆ ಅಕಿರಾ ಅವರ ಕೊಡುಗೆ: ಡಬಲ್ ಬಾಸ್ ವಾದ್ಯದ ತಂತಿ ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿದಾಗ ಹೊರಟ ಸದ್ದು. ಎಪ್ಪತ್ತು ವರ್ಷವಾದರೂ ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ.

ಮೊದಲ ಪುನರ್‌ನಿರ್ಮಾಣ ನಡೆದದ್ದು ಕತ್ತರಿಯಿಂದ. 1956ರಲ್ಲಿ ಅಮೆರಿಕದ ವಿತರಕರು ಮೂಲ ಚಿತ್ರವನ್ನು ಕತ್ತರಿಸಿ, ನಟ ರೇಮಂಡ್ ಬರ್ ಅವರನ್ನು ಅಮೆರಿಕನ್ ವರದಿಗಾರನನ್ನಾಗಿ ಮಾಡಿ ನಡುನಡುವೆ ಸೇರಿಸಿದರು. ಮೂಲದಲ್ಲಿ ರೈಲಿನಲ್ಲಿ ಕೂತ ಹೆಣ್ಣೊಬ್ಬಳು, ನಾಗಸಾಕಿಯಿಂದ ಬದುಕಿ ಬಂದವಳು, ಈಗ ಇದೊಂದು ಬೇರೆ ಬಂತೇ ಎಂದು ಗೊಣಗುತ್ತಾಳೆ. ಅಮೆರಿಕದ ಪ್ರತಿಯಲ್ಲಿ ಆ ಮಾತಿಲ್ಲ. ಬಾಂಬು ಪರೀಕ್ಷೆ ನಿಲ್ಲದಿದ್ದರೆ ಇನ್ನೊಂದು ಗಾಡ್ಜಿಲ್ಲಾ ಬಂದೀತು ಎಂದು ಕೊನೆಯಲ್ಲಿ ಪ್ರೊಫೆಸರ್ ಯಮಾನೆ ಕೊಡುವ ಎಚ್ಚರಿಕೆಯೂ ಇಲ್ಲ; ಅಪಾಯ ಕಳೆಯಿತು, ಜಗತ್ತು ನಿಶ್ಚಿಂತೆಯಿಂದ ಬಾಳಬಹುದು ಎಂಬ ಸಮಾಧಾನದೊಂದಿಗೆ ಚಿತ್ರ ಮುಗಿಯುತ್ತದೆ. ಬಹಳಷ್ಟು ಜಗತ್ತು ದಶಕಗಳ ಕಾಲ ನೋಡಿದ್ದು ಈ ಪ್ರತಿಯನ್ನು.

ಮುಂದಿನ ಎರಡು ದಶಕಗಳಲ್ಲಿ ಗಾಡ್ಜಿಲ್ಲಾ ಮಕ್ಕಳ ಗೆಳೆಯನಾಯಿತು, ಭೂಮಿಯ ಕಾವಲುಗಾರನಾಯಿತು, 1975ರ ಹೊತ್ತಿಗೆ ಪ್ರೇಕ್ಷಕರೇ ಇಲ್ಲದಂತಾಯಿತು. ತೋಹೊ ಸ್ಟುಡಿಯೊ ಒಂಬತ್ತು ವರ್ಷ ಸುಮ್ಮನಿದ್ದು, 1984ರಲ್ಲಿ ನಡುವಿನ ಅಷ್ಟೂ ಚಿತ್ರಗಳನ್ನು ಬದಿಗಿಟ್ಟು 1954ರಿಂದ ನೇರವಾಗಿ ಕಥೆ ಎತ್ತಿಕೊಂಡಿತು. ಆಗ ಶೀತಲ ಸಮರದ ಕಾಲ. ಗಾಡ್ಜಿಲ್ಲಾ ಮೇಲೆ ಅಣ್ವಸ್ತ್ರ ಹಾಕುತ್ತೇವೆಂದು ಅಮೆರಿಕ, ಸೋವಿಯತ್ ಎರಡೂ ಒತ್ತಾಯಿಸಿದರೆ ಜಪಾನಿನ ಪ್ರಧಾನಿ ಕೂಡದು ಎನ್ನುತ್ತಾರೆ. ಈ ಚಿತ್ರವೂ ಅಮೆರಿಕಕ್ಕೆ ಹೋಗಿ ಕತ್ತರಿಗೆ ಸಿಕ್ಕಿತು. ಮೂಲದಲ್ಲಿ ಒಬ್ಬ ಸೋವಿಯತ್ ಅಧಿಕಾರಿ ಕ್ಷಿಪಣಿ ಹಾರುವುದನ್ನು ತಡೆಯಲು ಹೋಗಿ ಪ್ರಾಣ ಬಿಡುತ್ತಾನೆ. ಅಮೆರಿಕದ ಪ್ರತಿಯಲ್ಲಿ ಅದೇ ಅಧಿಕಾರಿ ಬೇಕೆಂದೇ ಕ್ಷಿಪಣಿ ಹಾರಿಸುತ್ತಾನೆ. ಕಥೆಯೊಂದನ್ನು ಇದಕ್ಕಿಂತ ನಿರ್ದಯವಾಗಿ ತಿರುಚಿದ್ದು ನಾನು ಕಂಡಿಲ್ಲ.

ಈ ಚರಿತ್ರೆ ಗೊತ್ತಿದ್ದರೆ 2014ರ ಹಾಲಿವುಡ್ ಚಿತ್ರದ ಸಂಕಟ ಅರ್ಥವಾಗುತ್ತದೆ. ಅದರಲ್ಲಿ ಸೆರಿಜಾವಾ, ಹಿರೋಶಿಮಾಕ್ಕೆ ಬಾಂಬು ಬಿದ್ದ 8:15ಕ್ಕೆ ನಿಂತುಹೋದ ತನ್ನ ತಂದೆಯ ಗಡಿಯಾರವನ್ನು ಅಮೆರಿಕದ ನೌಕಾಧಿಕಾರಿಗೆ ತೋರಿಸುತ್ತಾನೆ. ಬಹಳ ಒಳ್ಳೆಯ ದೃಶ್ಯ. ಆದರೆ ಅದೇ ಚಿತ್ರ 1954ರ ಪೆಸಿಫಿಕ್ ಸ್ಫೋಟ ಪರೀಕ್ಷೆಯೇ ಅಲ್ಲ, ಗಾಡ್ಜಿಲ್ಲಾವನ್ನು ಕೊಲ್ಲಲು ಮಾಡಿದ ಪ್ರಯತ್ನ ಎನ್ನುತ್ತದೆ. ಆ ದೋಣಿಯ 23 ಮಂದಿಗೆ ಹೀಗೆ ಕಥೆಯಲ್ಲಿ ಜಾಗವೇ ಇಲ್ಲದಾಯಿತು. ಐದು ವರ್ಷ ಕಳೆದು ಅದೇ ಸೆರಿಜಾವಾ ಕೈಗೆ ಬಾಂಬು ಬಂತು.

ಈ ನಡುವೆ ಗಾಡ್ಜಿಲ್ಲಾ ಅನಿಮೆ ಆಗಿದೆ, ಕಾಮಿಕ್ಸ್ ಆಗಿದೆ, ವಿಡಿಯೊ ಗೇಮ್ ಆಗಿದೆ. 2023ರಲ್ಲಿ ಶುರುವಾದ ‘ಮೊನಾರ್ಕ್’ ಎಂಬ ವೆಬ್ ಸರಣಿ, ಸಿನಿಮಾಕ್ಕೆ ಪುರುಸೊತ್ತಿಲ್ಲದ ಒಂದು ಕೆಲಸವನ್ನು ಮಾಡಿತು. ಸಿನಿಮಾದಲ್ಲಿ ಸೇತುವೆ ಮುರಿದರೆ ಮುಂದಿನ ದೃಶ್ಯಕ್ಕೆ ಹೋಗುತ್ತೇವೆ. ಇಲ್ಲಿ ಅದೇ ಸೇತುವೆಯ ಮೇಲಿದ್ದ ಶಿಕ್ಷಕಿಯೊಬ್ಬಳು ವರ್ಷ ಕಳೆದರೂ ಬೆಚ್ಚಿಬೀಳುತ್ತಾಳೆ. ಮಾಧ್ಯಮ ಬದಲಾದಾಗ ಕಥೆ ಗಳಿಸಬೇಕಾದ್ದು ಇಂಥದ್ದನ್ನೇ.

ಇನ್ನು ಜಪಾನಿನವರು ತಾವೇ ಕೊಟ್ಟ ಉತ್ತರಗಳು. 2016ರ ‘ಶಿನ್ ಗಾಡ್ಜಿಲ್ಲಾ’ದಲ್ಲಿ ಅನ್ನೊ ಹಿದೆಯಾಕಿ ಹಾಗೂ ಹಿಗುಚಿ ಶಿಂಜಿ 2011ರ ಸುನಾಮಿ ಮತ್ತು ಫುಕುಶಿಮಾ ದುರಂತವನ್ನು ಎದುರಿಗಿಟ್ಟುಕೊಂಡರು. ಪ್ರಾಣಿ ಊರೊಳಗೆ ತೆವಳುತ್ತಿರುವಾಗ ಅಧಿಕಾರಿಗಳು ಒಂದು ಸಭೆಯಿಂದ ಇನ್ನೊಂದು ಸಭೆಗೆ ಕಡತ ಹಿಡಿದು ನಡೆಯುತ್ತಾರೆ. ಕೊನೆಗೆ ಗಾಡ್ಜಿಲ್ಲಾವನ್ನು ಮಣಿಸುವುದು ಕಾಂಕ್ರೀಟ್ ಪಂಪ್ ಲಾರಿಗಳು; ಫುಕುಶಿಮಾ ಅಣುಸ್ಥಾವರವನ್ನು ತಣಿಸಲು ನೀರು ಸುರಿದದ್ದು ಅಂಥವೇ ಲಾರಿಗಳು. ಗಾಡ್ಜಿಲ್ಲಾ ಸಾಯುವುದಿಲ್ಲ, ಟೋಕಿಯೊ ನಡುವೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಅದರ ಜೊತೆಗೇ ಜನ ಬಾಳಬೇಕು.

2023ರ ನವೆಂಬರ್ 3ರಂದು, ಮೊದಲ ಚಿತ್ರ ಬಂದ ತಾರೀಖಿಗೇ, ಯಮಾಝಾಕಿ ತಕಾಶಿ ಅವರ ‘ಗಾಡ್ಜಿಲ್ಲಾ ಮೈನಸ್ ಒನ್’ ಬಂತು. 35 ಮಂದಿಯ ತಂಡ ಮಾಡಿದ ಅದರ ದೃಶ್ಯ ಪರಿಣಾಮಗಳಿಗೆ ಮರುವರ್ಷ ಆಸ್ಕರ್ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಒಂದು ಸೀಟು. ನಾಯಕ ಶಿಕಿಶಿಮಾ ಆತ್ಮಾಹುತಿ ದಾಳಿಗೆ ಹೊರಟು, ವಿಮಾನ ಕೆಟ್ಟಿದೆಯೆಂದು ಸುಳ್ಳು ಹೇಳಿ ಇಳಿದ ಪೈಲಟ್. ಬದುಕಿದ ತಪ್ಪಿಗೆ ಅವನಿಗೆ ಬದುಕೇ ಶಿಕ್ಷೆಯಾಗಿದೆ. ಬಾಂಬು ತುಂಬಿದ ವಿಮಾನವನ್ನು ಗಾಡ್ಜಿಲ್ಲಾ ಬಾಯಿಗೆ ನುಗ್ಗಿಸಿ ಋಣ ತೀರಿಸಿಕೊಳ್ಳಲು ಹೊರಡುತ್ತಾನೆ. ಎಲ್ಲ ಹಳೆಯ ಕಥೆಗಳ ಹಾದಿಯಲ್ಲಿ ಅವನು ಸಾಯಬೇಕು. ಆದರೆ ಮೆಕ್ಯಾನಿಕ್ ತಾಚಿಬಾನಾ, ಅವನನ್ನು ದ್ವೇಷಿಸಲು ಎಲ್ಲ ಕಾರಣವೂ ಇದ್ದವನು, ವಿಮಾನಕ್ಕೆ ಇಜೆಕ್ಷನ್ ಸೀಟು ಕೂರಿಸಿ, ಬದುಕಿ ಬಾ ಎಂದು ಕಳಿಸಿದ್ದಾನೆ. ಕೊನೆಯ ಕ್ಷಣದಲ್ಲಿ ಆಕಾಶದಲ್ಲಿ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ.

ಈ ಚಿತ್ರದಲ್ಲಿ ಸೆರಿಜಾವಾ ಎಂಬ ಪಾತ್ರವಿಲ್ಲ. ಆದರೂ ಅವನೊಂದಿಗೆ ಎದುರುಬದುರು ಕೂತು ವಾದಿಸಿದ ಚಿತ್ರ ಇದೇ. ಸಾಯುವುದೊಂದೇ ದಾರಿಯಾಗಿದ್ದ ಆ ವಿಜ್ಞಾನಿಗೆ ಅರವತ್ತೊಂಬತ್ತು ವರ್ಷಗಳ ಬಳಿಕ ಯಮಾಝಾಕಿ ಇನ್ನೊಂದು ದಾರಿ ತೋರಿಸಿದರು.