ವಾಲಗದ ಮನೆಯ ಸ್ಯಾಕ್ಸೊಫೋನು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯ ಮದುವೆಗಳಲ್ಲಿ ವಾಲಗಕ್ಕೆ ಚಪ್ಪರದೊಳಗೆ ಮರ್ಯಾದೆ. ಬ್ಯಾಂಡಿಗೆ ಬೀದಿಯ ಮೆರವಣಿಗೆ. ತಾಳಿ ಕಟ್ಟುವ ಹೊತ್ತಿಗೆ ಬೇಕಾದದ್ದು ನಾಗಸ್ವರವೇ ಹೊರತು ಹಿತ್ತಾಳೆಯ ಸ್ಯಾಕ್ಸೊಫೋನಲ್ಲ. ಬೀದಿಯ ಈ ವಾದ್ಯವನ್ನು ಸಂಗೀತ ಸಭೆಯ ಗದ್ದುಗೆಗೆ ಏರಿಸಿದವರು ಕದ್ರಿ ಗೋಪಾಲನಾಥರು.

ಬಂಟ್ವಾಳ ತಾಲ್ಲೂಕಿನ ಸಜೀಪದಲ್ಲಿ ಹುಟ್ಟಿದ ಅವರಿಗೆ ನಾಗಸ್ವರವು ತಂದೆ ತನಿಯಪ್ಪನವರಿಂದ ಬಂದ ವಿದ್ಯೆ. ಎಳವೆಯಲ್ಲಿ ಮೈಸೂರು ಅರಮನೆಯ ಬ್ಯಾಂಡಿನ ಸ್ಯಾಕ್ಸೊಫೋನ್ ಕಿವಿಗೆ ಬಿದ್ದದ್ದೇ ತಡ, ಹುಡುಗನ ಮನಸ್ಸು ಅತ್ತ ವಾಲಿತು. ಮನಸ್ಸು ಒಲಿದ ಮಾತ್ರಕ್ಕೆ ವಾದ್ಯ ಒಲಿದೀತೆ? ಕೀಲಿ ಒತ್ತಿದಂತೆ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಯುವ ಆ ಕೊಳವೆಯಿಂದ ಗಮಕವನ್ನು ಹೊರಡಿಸಬೇಕಾದರೆ ತುಟಿ, ಉಸಿರು, ಬೆರಳು ಮೂರನ್ನೂ ಹೊಸದಾಗಿ ಪಳಗಿಸಬೇಕು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಗುರುಗಳು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, 2004ರಲ್ಲಿ ಪದ್ಮಶ್ರೀ.

ಅತ್ತ ಅಮೆರಿಕದಲ್ಲಿ, ಕರ್ನಾಟಕದಿಂದ ಹೋಗಿ ನೆಲೆಸಿದ ಕುಟುಂಬದ ರುದ್ರೇಶ ಮಹಾಂತಪ್ಪ ಜಾಜ್ ಸಂಗೀತವನ್ನು ಕಲಿಯುತ್ತಿದ್ದ ತರುಣ. ಹೆಸರು ಕೇಳಿದವರೆಲ್ಲ ಆತನಿಗೆ ಭಾರತೀಯ ಸಂಗೀತ ಬರುತ್ತದೆಂದೇ ಭಾವಿಸುವರು. ಆತನಿಗೋ ಅದರ ಗಂಧವೂ ಅಷ್ಟಕ್ಕಷ್ಟೆ. ಅಣ್ಣ ತಮಾಷೆಗೆಂದು ಕೈಗಿತ್ತ ಧ್ವನಿಮುದ್ರಿಕೆಯ ಹೆಸರು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಕದ್ರಿ! ತಮಾಷೆ ಅಲ್ಲಿಗೆ ಮುಗಿಯಿತು, ಹುಡುಕಾಟ ಮೊದಲಾಯಿತು.

ಅದರ ಫಲವೇ 2008ರಲ್ಲಿ ಹೊರಬಂದ ‘ಕಿನ್ಸ್‌ಮೆನ್’, ಅರ್ಥಾತ್ ಬಂಧುಗಳು. ಕದ್ರಿಯವರಿಗೆ ಆಗ ಅರವತ್ತರ ಹೊಸ್ತಿಲು. ಹೆಸರು, ಬಿರುದು ಎಲ್ಲವೂ ಕೈಸೇರಿದ ವಯಸ್ಸಿನಲ್ಲಿ, ತಮ್ಮ ಮಗನ ಓರಗೆಯವನೊಡನೆ, ತಮ್ಮದಲ್ಲದ ಸಂಗೀತದ ಅಂಗಳದಲ್ಲಿ ನಿಲ್ಲುವುದು ಸಣ್ಣ ಸಾಹಸವಲ್ಲ. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಒಂದು ಕಡೆ; ಗಿಟಾರು, ಬಾಸ್, ಡ್ರಮ್ಮು ಇನ್ನೊಂದು ಕಡೆ. ನಮ್ಮ ರಾಗ ಒಂದೇ ಶ್ರುತಿಗೆ ಕಟ್ಟುಬಿದ್ದದ್ದು. ಜಾಜಿನಲ್ಲಾದರೋ ಕಾಲ ಕೆಳಗಿನ ನೆಲವೇ ಗಳಿಗೆಗೊಮ್ಮೆ ಸರಿಯುತ್ತದೆ. ಇಂಥ ಕೂಡಿಕೆಗಳು ಬಹುಮಟ್ಟಿಗೆ ಕಲಸುಮೇಲೋಗರವಾಗುವುದೂ ಇದರಿಂದಲೇ. ಇಲ್ಲಿ ಹಾಗಾಗಲಿಲ್ಲ. ಹಿರಿಯರು ಜಾಜ್ ನುಡಿಸಲು ಹೊರಡಲಿಲ್ಲ. ತಮ್ಮ ಗಮಕವನ್ನು ಎಲ್ಲಿಯೂ ಬಿಟ್ಟುಕೊಡಲಿಲ್ಲ. ಕಿರಿಯನೇ ರಾಗತಾಳಗಳ ಬಳಿಗೆ ಬಂದು, ತನ್ನ ಒರಟು ಕಸುವನ್ನು ಕಳೆದುಕೊಳ್ಳದೆ ಉತ್ತರ ಕೊಟ್ಟನು.

ಕದ್ರಿಯವರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಮುದ್ರಿಕೆಯಲ್ಲಿ ಇಬ್ಬರದೂ ಒಂದೇ ಜಾತಿಯ ವಾದ್ಯ, ಆಲ್ಟೊ ಸ್ಯಾಕ್ಸೊಫೋನು. ಆದರೂ ಸ್ವರವೊಂದು ತೂಗಿ, ಜಾರಿ, ನಿಲ್ಲುವ ಬಗೆಯಿಂದಲೇ ಕದ್ರಿಯವರು ಯಾರೆಂದು ಗುರುತಾಗುತ್ತದೆ: ಅದು ತನಿಯಪ್ಪನವರ ಮನೆಯ ನಾಗಸ್ವರ.