ಗಾಲಿಯ ಮೇಲಿನ ಮನೆ: ನ್ಯೂಜಿಲೆಂಡಿನಲ್ಲಿ ಹಿರಿಯರೊಡನೆ ಪ್ರವಾಸ

ಮಕ್ಕಳು ವಿದೇಶದಲ್ಲಿ ನೆಲೆಸಿದ ಮನೆತನಗಳು ಇಂದು ನಮ್ಮ ಸಮಾಜದಲ್ಲಿ ಊರೂರಿಗೂ ಇವೆ. ಮಗನ ಮನೆಗೋ ಮಗಳ ಮನೆಗೋ ಹೋದ ತಂದೆತಾಯಿಗಳು ನಾಲ್ಕು ಗೋಡೆಗಳ ನಡುವೆ ದಿನ ಕಳೆದು ಮರಳುವುದಕ್ಕಿಂತ ಆ ದೇಶವನ್ನು ಕಣ್ಣಾರೆ ಕಾಣಲಿ ಎಂದು ಮಕ್ಕಳು ಬಯಸುವುದು ಸಹಜ. ನ್ಯೂಜಿಲೆಂಡಿನಲ್ಲಿ ಇದಕ್ಕೆ ರೂಢಿಯಲ್ಲಿರುವ ಒಂದು ಉಪಾಯವೆಂದರೆ ಮೋಟಾರ್‌ಹೋಮ್. ಹಾಸಿಗೆ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚಾಲಯಗಳನ್ನೆಲ್ಲ ಒಳಗೊಂಡ ವಾಹನವನ್ನು ಬಾಡಿಗೆಗೆ ಪಡೆದು ಊರಿಂದೂರಿಗೆ ಸಾಗುವ ಕ್ರಮವಿದು. ಶಾಕಾಹಾರಿಗಳಾದ, ನಿತ್ಯದ ಲಿಂಗಪೂಜೆಯನ್ನು ಬಿಡದ ಹಿರಿಯರಿಗೆ ಇದು ಹೋಟೆಲಿಗಿಂತ ಮೇಲೆಂದೇ ನಮ್ಮ ಅಭಿಪ್ರಾಯ. ಆದರೆ ಯೋಜನೆಯನ್ನು ನಕ್ಷೆ ನೋಡಿ ಮಾಡದೆ, ಮನೆಯ ಹಿರಿಯರನ್ನು ನೋಡಿ ಮಾಡಬೇಕು. ಹಾಗೆ ಮಾಡದಿದ್ದರೆ ಲಕ್ಷಗಟ್ಟಲೆ ಹಣ ವೆಚ್ಚವಾಗಿ, ಮಂಡಿನೋವೊಂದೇ ಉಳಿದೀತು.

ಮೊದಲು ವಾಹನದ ಆಯ್ಕೆ. ಆರು ಜನ ಮಲಗುವ ವಾಹನವೆಂದು ಹೇಳಿದ ಮಾತ್ರಕ್ಕೆ ಆರು ಜನರಿಗೂ ಸುಖನಿದ್ರೆ ದೊರೆಯುವುದೆಂದು ತಿಳಿಯಬಾರದು. ಒಂದು ಹಾಸಿಗೆ ಚಾಲಕನ ತಲೆಯ ಮೇಲ್ಭಾಗದಲ್ಲಿರುವುದು. ಅದಕ್ಕೆ ಏಣಿ ಹತ್ತಬೇಕು. ಇನ್ನೊಂದು, ಊಟದ ಮೇಜನ್ನು ರಾತ್ರಿ ತಗ್ಗಿಸಿ ಮಾಡುವ ಹಾಸಿಗೆ. ಹಿರಿಯರಿಗೆ ಕೆಳಗಿನ ಹಾಸಿಗೆ, ಅದರಲ್ಲೂ ಶೌಚಾಲಯಕ್ಕೆ ಹತ್ತಿರದ್ದು, ದೊರೆಯುವಂತಿದ್ದರೆ ಮಾತ್ರ ಆ ವಾಹನವನ್ನು ಒಪ್ಪಬೇಕು. ಹಾಸಿಗೆಗಳನ್ನು ಎಣಿಸಿದಂತೆಯೇ ಬೆಲ್ಟುಳ್ಳ ಆಸನಗಳನ್ನೂ ಎಣಿಸಬೇಕು. ವಾಹನ ಚಲಿಸುವಾಗ ಎಲ್ಲರೂ ಬೆಲ್ಟ್ ಕಟ್ಟಿ ಕುಳಿತಿರಬೇಕೆಂಬುದು ಅಲ್ಲಿಯ ಕಾನೂನು. ಏಳು ವರ್ಷ ತುಂಬದ ಮಕ್ಕಳಿಗೆ ಪ್ರತ್ಯೇಕ ಆಸನ ಬೇಕು. ಅಜ್ಜಿ ಹಿಂದೆ ಮಲಗಿಕೊಂಡೇ ಬರಲಿ ಎಂಬ ಮಾತು ಅಲ್ಲಿ ನಡೆಯದು.

ನ್ಯೂಜಿಲೆಂಡಿನಲ್ಲೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ವಾಹನ ನಡೆಸುವರು. ಚಾಲನಾ ಪರವಾನಗಿ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅಂಗೀಕೃತ ಅನುವಾದವನ್ನಾಗಲಿ ಅಂತರರಾಷ್ಟ್ರೀಯ ಪರವಾನಗಿಯನ್ನಾಗಲಿ ಜೊತೆಗಿಟ್ಟುಕೊಳ್ಳಬೇಕು. ಆದರೆ ಸುಮಾರು ಏಳು ಮೀಟರ್ ಉದ್ದದ ವಾಹನ ಕಾರಿನಂತೆ ತಿರುಗುವುದಿಲ್ಲ. 3500 ಕಿಲೋಗ್ರಾಂ ಮೀರಿದ ವಾಹನಗಳಿಗೆ ಹೆದ್ದಾರಿಯಲ್ಲೂ ಗಂಟೆಗೆ 90 ಕಿ.ಮೀ. ಮಿತಿಯಿದೆ. ಪರ್ವತದ ದಾರಿಯಲ್ಲಿ ಅಷ್ಟನ್ನೂ ಮುಟ್ಟಲಾಗದು. ಒಂದೇ ಸಾಲಿನ ಸೇತುವೆಗಳು ಅಲ್ಲಿ ಬಹಳ. ನಮ್ಮ ದಿಕ್ಕಿಗೆ ಚಿಕ್ಕ ಕೆಂಪು ಬಾಣವಿದ್ದರೆ ಎದುರಿನವರಿಗೆ ದಾರಿ ಬಿಡಬೇಕು. ಹಲವು ತಾಸು ವಿಮಾನದಲ್ಲಿ ಕುಳಿತು ಬಂದ ದಿನವೇ ಚಾಲಕನ ಆಸನ ಏರುವುದನ್ನು ನಾವಂತೂ ಒಪ್ಪೆವು. ಮೊದಲ ರಾತ್ರಿ ಊರಿನಲ್ಲೇ ತಂಗುವುದು ಲೇಸು.

ದಕ್ಷಿಣ ದ್ವೀಪದಲ್ಲಿ ಕುಟುಂಬಕ್ಕೆ ಹೊಂದುವ ಒಂದು ಸುತ್ತು ಹೀಗಿದೆ. ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ ಸರೋವರ ಸುಮಾರು 225 ಕಿ.ಮೀ.; ಅಲ್ಲಿಂದ 3724 ಮೀಟರ್ ಎತ್ತರದ ಆವೊರಾಕಿ ಪರ್ವತದ ತಪ್ಪಲು ನೂರು ಕಿಲೋಮೀಟರಿನ ಆಸುಪಾಸು; ಮುಂದೆ ವಾನಕಾ, ಹಾಸ್ಟ್, ಫ್ರಾನ್ಜ್ ಜೋಸೆಫ್ ಹಿಮನದಿ, ಹೊಕಿಟಿಕಾ; ಕೊನೆಗೆ ಆರ್ಥರ್ಸ್ ಪಾಸ್ ಎಂಬ ಕಣಿವೆದಾರಿಯಿಂದ ಮರಳಿ ಕ್ರೈಸ್ಟ್‌ಚರ್ಚ್. ಒಟ್ಟು ಸುಮಾರು 1200 ಕಿ.ಮೀ. ಉತ್ಸಾಹಿ ಯುವಕರು ಇದನ್ನು ಐದು ದಿನಗಳಲ್ಲಿ ಮುಗಿಸಿಯಾರು. ಹಿರಿಯರಿದ್ದರೆ ಹತ್ತು ದಿನಗಳಾದರೂ ಬೇಕು. ಎರಡು ಕಡೆಯಾದರೂ ಎರಡೆರಡು ರಾತ್ರಿ ನಿಲ್ಲಬೇಕು. ಟೆಕಾಪೊ ಅದಕ್ಕೆ ತಕ್ಕ ಸ್ಥಳ. ಆ ಸೀಮೆಯನ್ನು 2012ರಲ್ಲಿ ಕತ್ತಲಾಕಾಶದ ರಕ್ಷಿತ ಪ್ರದೇಶವೆಂದು ಮಾನ್ಯ ಮಾಡಲಾಗಿದ್ದು, ದೀಪಗಳ ಬೆಳಕನ್ನು ಅಲ್ಲಿ ಹತೋಟಿಯಲ್ಲಿಟ್ಟಿರುವರು. ಬಾಲ್ಯದಲ್ಲಿ ಮಾಳಿಗೆಯ ಮೇಲೆ ಮಲಗಿ ಕಂಡಂತಹ ನಕ್ಷತ್ರಗಳನ್ನು ಹಿರಿಯರು ಅಲ್ಲಿ ಮತ್ತೆ ಕಾಣಬಹುದು. ಋತುಗಳು ನಮಗೆ ವಿರುದ್ಧ. ಡಿಸೆಂಬರ್-ಜನವರಿಯಲ್ಲಿ ಬೇಸಿಗೆ ರಜೆಯ ಜನಸಂದಣಿ, ಜೂನ್‌ನಿಂದ ಆಗಸ್ಟ್‌ವರೆಗೆ ಹಿಮ. ಫೆಬ್ರವರಿ, ಮಾರ್ಚ್ ತಿಂಗಳುಗಳೇ ಅನುಕೂಲ.

ಇನ್ನು ಪೂಜೆಯ ವಿಚಾರ. ರಾತ್ರಿ ತಂಗಲು ಅಲ್ಲಿ ಹಾಲಿಡೇ ಪಾರ್ಕ್ ಎಂಬ ತಾಣಗಳಿವೆ. ವಿದ್ಯುತ್ ಸಂಪರ್ಕ, ಬಿಸಿನೀರಿನ ಸ್ನಾನಗೃಹ, ಸಾರ್ವಜನಿಕ ಅಡುಗೆಮನೆ ಎಲ್ಲವೂ ಉಂಟು. ಆದರೆ ಬೆಳಿಗ್ಗೆ 10 ಗಂಟೆಯೊಳಗೆ ಜಾಗ ತೆರವು ಮಾಡುವುದು ಅಲ್ಲಿಯ ಸಾಮಾನ್ಯ ನಿಯಮ. ಆರು ಜನರ ಸ್ನಾನ, ಪೂಜೆ, ಉಪಾಹಾರ ಅಷ್ಟರೊಳಗೆ ಮುಗಿಯಬೇಕಾದರೆ ಸರದಿಯನ್ನು ಮೊದಲೇ ಗೊತ್ತು ಮಾಡಬೇಕು. ರಾತ್ರಿಯ ಹಾಸಿಗೆ ಮಡಚಿದರೆ ಮಾತ್ರ ಕುಳಿತು ಲಿಂಗಪೂಜೆ ಮಾಡಲು ಸ್ಥಳವಾಗುವುದು. ಆದುದರಿಂದ ಮನೆಯ ಕಿರಿಯರು ಹಿರಿಯರಿಗಿಂತ ಮುಂಚೆ ಏಳಬೇಕಾಗುವುದು. ಇದು ಕೆಲವು ಮನೆಗಳಲ್ಲಿ ಹೊಸ ಅನುಭವವೇ ಆದೀತು!

ಆ ದೇಶದ ಜೈವಿಕ ಸುರಕ್ಷತೆಯ ನಿಯಮಗಳು ಬಹು ಕಟ್ಟುನಿಟ್ಟು. ತಂದ ಆಹಾರವನ್ನು ಘೋಷಿಸದಿದ್ದರೆ ವಿಮಾನನಿಲ್ದಾಣದಲ್ಲೇ 400 ಡಾಲರ್ ದಂಡ ಬೀಳುವುದು. ಜೇನುತುಪ್ಪ ಸಲ್ಲದು, ಹಾಲಿನ ಸಿಹಿತಿಂಡಿ, ಹಸಿ ಹಣ್ಣು, ಬಿಲ್ವಪತ್ರೆಗಳನ್ನು ಒಯ್ಯದಿರುವುದೇ ಕ್ಷೇಮ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಘೋಷಿಸಿ ತೋರಿಸಬೇಕು. ಬಿಡುವುದು ಬಿಡದಿರುವುದು ಅಧಿಕಾರಿಗೆ ಸೇರಿದ್ದು. ವಿಭೂತಿ, ರುದ್ರಾಕ್ಷಿಗಳನ್ನೂ ಮರೆಮಾಚದೆ ಹೇಳಿಬಿಡಬೇಕು. ರುದ್ರಾಕ್ಷಿ ನಮಗೆ ಪವಿತ್ರ; ಅಧಿಕಾರಿಯ ಕಣ್ಣಿಗೆ ಅದೊಂದು ಬೀಜ. ಘೋಷಿಸಿದುದಕ್ಕೆ ದಂಡವಿಲ್ಲ.

ದವಸ, ಬೇಳೆ, ತರಕಾರಿಗಳನ್ನು ಕ್ರೈಸ್ಟ್‌ಚರ್ಚ್‌ನಲ್ಲಿಯೇ ಕೊಳ್ಳಬಹುದು. ಭಾರತೀಯ ಅಂಗಡಿಗಳು ಅಲ್ಲಿವೆ. ವಾನಕಾದಿಂದ ಹೊಕಿಟಿಕಾವರೆಗಿನ 400 ಕಿ.ಮೀ.ಗೂ ಮಿಕ್ಕ ದಾರಿಯಲ್ಲಿ ಸಣ್ಣ ಅಂಗಡಿಗಳೇ ಹೆಚ್ಚು. ಡೀಸೆಲ್ ಬಂಕುಗಳು ದೂರದೂರ. ದೂರವಾಣಿಯೂ ಬಹಳಷ್ಟು ಕಡೆ ಮೂಕ. ವಿದ್ಯುತ್ ಸಂಪರ್ಕವಿಲ್ಲದ ಕಡೆ ವಾಹನದ ಬ್ಯಾಟರಿಯಿಂದ ದೀಪ ಉರಿಯುವುದೇ ಹೊರತು ಮಿಕ್ಸರ್ ತಿರುಗದು.

ನೀರಿನ ವಿಚಾರವನ್ನು ಹೆಚ್ಚು ಒತ್ತಿ ಹೇಳಬೇಕಾಗಿದೆ. ತೊಟ್ಟಿಯಲ್ಲಿ ಹಿಡಿಸುವುದು ಸಾಮಾನ್ಯವಾಗಿ ನೂರು ಲೀಟರಿನ ಆಸುಪಾಸು. ಆರು ಜನರ ಪಾತ್ರೆ, ಸ್ನಾನಗಳಿಗೆ ಅದು ಒಂದು ದಿನಕ್ಕೂ ಸಾಲದು. ಬಳಸಿದ ನೀರು, ಶೌಚದ ಮಲಿನ ಬೇರೆ ಬೇರೆ ತೊಟ್ಟಿಗಳಲ್ಲಿ ಸಂಗ್ರಹವಾಗುವುವು. ಅವನ್ನು ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ಬರಿದು ಮಾಡಬೇಕು. ಹೊಳೆಗೋ ಬಯಲಿಗೋ ಚೆಲ್ಲುವಂತಿಲ್ಲ. ಈ ಕೆಲಸವನ್ನು ಯಾರು ಮಾಡಬೇಕೆಂದು ಮುಖ ಮುಖ ನೋಡುವ ಕುಟುಂಬಗಳೂ ಉಂಟು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು ಇಲ್ಲಿ ಸರದಿ ಹಾಕಿಕೊಳ್ಳಲು ಹಿಂಜರಿಯಬೇಕಿಲ್ಲ. ಸಾರ್ವಜನಿಕ ಜಾಗಗಳಲ್ಲಿ ಉಚಿತವಾಗಿ ತಂಗಲು 2023ರ ಕಾನೂನಿನಂತೆ ವಾಹನದಲ್ಲಿ ಸ್ಥಿರವಾಗಿ ಜೋಡಿಸಿದ ಶೌಚಾಲಯವೂ ಅದರ ಪ್ರಮಾಣಪತ್ರವೂ ಇರಬೇಕು. ಅದಿದ್ದರೂ ಸ್ಥಳೀಯ ಆಡಳಿತದ ಫಲಕ ಓದದೆ ನಿಲ್ಲಬಾರದು.

ಕರಾರುಪತ್ರವನ್ನು ಮನೆಯಲ್ಲೇ ಕುಳಿತು ಓದಿ ಮುಗಿಸಬೇಕು. ಅಪಘಾತವಾದರೆ ಬಾಡಿಗೆದಾರರು ಭರಿಸಬೇಕಾದ ಮೊತ್ತ ಹಲವು ಸಾವಿರ ಡಾಲರ್ ಇರಬಹುದು. ಅದನ್ನು ತಗ್ಗಿಸಲು ದಿನಕ್ಕಿಷ್ಟೆಂದು ಹೆಚ್ಚುವರಿ ಹಣ ಕೊಡುವುದು ದುಂದುವೆಚ್ಚವಲ್ಲ. ಜಲ್ಲಿ ರಸ್ತೆಗಳಲ್ಲಿ ಹೋದರೆ ಅನೇಕ ಕರಾರುಗಳಲ್ಲಿ ವಿಮೆ ಅನ್ವಯಿಸದು. ಡೀಸೆಲ್ ವಾಹನಕ್ಕೆ ಕ್ರಮಿಸಿದ ದೂರದ ಮೇಲೆ ರಸ್ತೆ ತೆರಿಗೆ ಬೇರೆ. ಅದು ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಬೇಕು.

ಆರ್ಥರ್ಸ್ ಪಾಸ್‌ನಲ್ಲಿ ನಿಂತಾಗ ಕಿಟಕಿಯ ರಬ್ಬರಿನ ಮೇಲೊಂದು ಕಣ್ಣಿರಲಿ. ಕೀಯಾ ಎಂಬ ಹಸಿರು ಗಿಳಿಗಳು ಅದನ್ನು ಕಿತ್ತು ಆಡುವುವು. ಅವುಗಳಿಗೆ ಆಹಾರ ಹಾಕಬಾರದು. ಕೊನೆಯ ರಾತ್ರಿ ಕ್ರೈಸ್ಟ್‌ಚರ್ಚ್‌ನ ಸಮೀಪವೇ ತಂಗಿದರೆ ತೊಟ್ಟಿಗಳನ್ನು ಬರಿದು ಮಾಡಿ, ಡೀಸೆಲ್ ತುಂಬಿಸಿ, ಬಾಡಿಗೆಯ ಕಚೇರಿ ಮುಚ್ಚುವ ಮೊದಲೇ ವಾಹನವನ್ನು ಒಪ್ಪಿಸಲು ಬಿಡುವು ಸಿಗುವುದು.